ವ್ಯಾನಿನಲ್ಲಿ ಸೊಕ್ಕೆಯವರೆಗೆ

ಚನ್ನಗಿರಿಯಿಂದ ಹೊರಟಾಗ ಇನ್ನೂ ಮಂಜು ಕವಿದಿತ್ತು. ನಮ್ಮದು ಹಳ್ಳಿಗಳಿಗೆ ಹೋಗಿ ಹೆಂಗಸರನ್ನು ತಪಾಸಣೆ ಮಾಡುವ ವ್ಯಾನು. ಒಳಗೊಂದು ಮಂಚ, ಪರದೆ, ಔಷಧಿ ಪೆಟ್ಟಿಗೆ. ಡಾಕ್ಟರ್ ವೀಣಾ, ಡ್ರೈವರ್ ರುದ್ರಣ್ಣ, ನರ್ಸ್ ಆದ ನಾನು, ಮೂವರೇ.

ಮೊದಲು ಕೆರೆಬಿಳಚಿ. ಅಡಿಕೆ ಸುಲಿಯುವುದನ್ನು ಬಿಟ್ಟು ಬಂದ ಹೆಂಗಸರ ಬೆರಳುಗಳಲ್ಲಿ ಕರೆ ಹಾಗೇ ಇತ್ತು. ಒಬ್ಬಾಕೆಗೆ ಗರ್ಭಕೋಶ ಜಾರಿ ವರ್ಷಗಳೇ ಆಗಿದ್ದವು. ಬಟ್ಟೆ ಬಿಗಿದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದಳಂತೆ. ಗಂಡನಿಗೂ ಹೇಳಿರಲಿಲ್ಲ. ಡಾಕ್ಟರು ಆಪರೇಷನ್ ಮಾತೆತ್ತಿದಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮರುದಿನ ನ್ಯಾಮತಿ ಕಡೆ ಸೂರಗೊಂಡನಕೊಪ್ಪ. ಹಲವು ಮನೆಗಳಿಗೆ ಬೀಗ. ಕಬ್ಬು ಕಡಿಯಲು ಹೋದವರಲ್ಲಿ ಬಸುರಿಯರೂ ಇದ್ದಾರೆಂದು ಆಶಾ ಕಾರ್ಯಕರ್ತೆ ಹೇಳಿದಳು. ತಂದ ಕಬ್ಬಿಣಾಂಶದ ಮಾತ್ರೆಗಳು ಅರ್ಧಕ್ಕರ್ಧ ಪೆಟ್ಟಿಗೆಯಲ್ಲೇ ಉಳಿದವು. ಸಂಜೆ ಹೊನ್ನಾಳಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಲಾಡ್ಜಿನಲ್ಲಿ ಮಲಗಿದೆವು.

ಮೂರನೆಯ ದಿನ ದಾವಣಗೆರೆ ದಾಟಿ ಜಗಳೂರು, ಅಲ್ಲಿಂದ ಸೊಕ್ಕೆ. ಮೆಕ್ಕೆಜೋಳ ಮುರಿದ ಹೊಲಗಳು, ಬಿರುಬಿಸಿಲು. ಸಾಲಿನ ಮೊದಲಿಗೆ ಶಬಾನಾ ತನ್ನ ಅತ್ತೆಯೊಂದಿಗೆ ಕೂತಿದ್ದಳು. ಚೊಚ್ಚಲ ಬಸುರಿ, ಎಂಟನೆಯ ತಿಂಗಳು. ಗಂಡ ಸಂತೆಗಳಲ್ಲಿ ಬಟ್ಟೆ ಮಾರುವವನು, ಊರಲ್ಲಿರಲಿಲ್ಲ. ಹಿಂದಿನ ಸಲ ಮಗುವಿನ ಎದೆಬಡಿತ ಕೇಳುವ ಪುಟ್ಟ ಯಂತ್ರವನ್ನು ಹೊಟ್ಟೆಯ ಮೇಲಿಟ್ಟಾಗ ನಕ್ಕಿದ್ದವಳು.

“ಮೊನ್ನೆಯಿಂದ ಮಿಸುಕಾಡಿಲ್ರೀ,” ಎಂದಳು. “ಹೋದ ಸಲ ಕೇಳಿಸಿದ್ರಲ್ಲ, ಹಂಗೆ ಕೇಳಿಸ್ರಿ.”

ಯಂತ್ರ ಇಟ್ಟೆ. ಸರಿಸಿ ಇಟ್ಟೆ. ಡಾಕ್ಟರು ನನ್ನ ಕೈಯಿಂದ ತೆಗೆದುಕೊಂಡು ತಾವೇ ನೋಡಿದರು. ಬರೀ ಗರಗರ ಸದ್ದು. ಶಬಾನಾ ನಮ್ಮಿಬ್ಬರ ಮುಖ ನೋಡುತ್ತಿದ್ದಳು. ಆಮೇಲೆ ನೋಡುವುದನ್ನು ಬಿಟ್ಟಳು.

ಮೊನ್ನೆಯೇ ಆಸ್ಪತ್ರೆಗೆ ಹೋಗಬಾರದಿತ್ತೇ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಅತ್ತೆ ನೆಲ ನೋಡುತ್ತ, “ನೀವು ಬರ್ತೀರಿ ಅಂತ ಹೇಳಿದ್ರು. ಮನೆ ಬಾಗ್ಲಿಗೇ ಗಾಡಿ ಬರ್ತೈತಲ್ಲ, ಎರಡು ದಿನ ತಡಿ ಅಂದೆ,” ಎಂದಳು.

ಉಳಿದವರಿಗೆ ಮತ್ತೆ ಬರುತ್ತೇವೆಂದು ಹೇಳಿ ಇಬ್ಬರನ್ನೂ ಕೂರಿಸಿಕೊಂಡು ದಾವಣಗೆರೆಗೆ ಹೊರಟೆವು. ರುದ್ರಣ್ಣ ಹಾಡು ಹಾಕಲಿಲ್ಲ. ಶಬಾನಾ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕುಲುಕಾಟವಾದಾಗಲೆಲ್ಲ ಕೈ ತಾನಾಗಿ ಹೊಟ್ಟೆಗೆ ಆಸರೆ ಕೊಡುತ್ತಿತ್ತು.

ಸ್ಕ್ಯಾನಿಂಗಿನಲ್ಲೂ ಅದೇ ಉತ್ತರ, ಮಗುವಿನ ಎದೆಬಡಿತ ನಿಂತಿತ್ತು. ನೋವು ಬರಿಸಿ ಹೆರಿಗೆ ಮಾಡಿಸಬೇಕೆಂದರು. ಅವಳನ್ನು ವಾರ್ಡಿಗೆ ಸೇರಿಸಿ ನಾವು ಹೊರಟಾಗ ಅತ್ತೆ ಗೇಟಿನವರೆಗೂ ಬಂದಳು. ಕೇಳಲೋ ಬೇಡವೋ ಎಂದು ನಿಂತು, ಕೊನೆಗೆ ಕೇಳಿದಳು:

“ನಾಳೆ ಕೂಸನ್ನ ಊರಿಗೆ ಒಯ್ಯಾಕೆ ಈ ಗಾಡಿ ಬರ್ತೈತೇನ್ರೀ?”

ಮರುದಿನ ಬೇರೆ ಊರಿನ ಹೆಂಗಸರು ನಮಗಾಗಿ ಕಾಯುತ್ತಿದ್ದರು. ಆಗುವುದಿಲ್ಲವಮ್ಮ ಎಂದೆ.

“ಇರ್ಲಿ ಬಿಡ್ರಿ. ಸಣ್ಣದೈತಲ್ಲ, ಬಸ್ಸಿನಾಗೆ ತೊಡಿಮ್ಯಾಲೆ ಮಲಗಿಸ್ಕೊಂಡು ಹೋಗ್ತೀನಿ,” ಎಂದು ಒಳಗೆ ಹೋದಳು.