ಕೋಟೆಯ ಹೊರಸುತ್ತು

ಅವ್ವ ಕೇಳಿದ್ದು ಒಂದೇ: ಕೂಸನ್ನು ಮಣ್ಣು ಮಾಡಿದ ಜಾಗ ತೋರಿಸು. ಆ ಕೂಸು ನನ್ನ ತಂಗಿ. ಮೂರು ತಿಂಗಳಿದ್ದಾಗ ಜ್ವರ ಬಂದು ತೀರಿಕೊಂಡಿತು. ಆಗ ಅಪ್ಪ, ಅವ್ವ ಇಬ್ಬರೂ ಮಾಂಡೋವಿ ನದಿಯ ಒಂದು ದ್ವೀಪದಲ್ಲಿ, ಪೋರ್ಚುಗೀಸರ ಕಾಲದ ಸಣ್ಣ ಕೋಟೆಯ ಗೋಡೆ ದುರಸ್ತಿಗೆ ಕಲ್ಲು ಹೊರುತ್ತಿದ್ದರು. ನಮ್ಮವರಲ್ಲಿ ಹೆತ್ತವಳನ್ನು ಮಣ್ಣಿಗೆ ಕರೆದೊಯ್ಯುವುದಿಲ್ಲ. ಅಪ್ಪನ ಜೊತೆ ಹೋದವನು ಆರು ವರ್ಷದ ನಾನೊಬ್ಬನೇ. ಮರುದಿನವೇ ಮೇಸ್ತ್ರಿ ನಮ್ಮನ್ನೆಲ್ಲ ಮುರ್ಮುಗಾಂವ್ ಬಂದರಿನ ಕೆಲಸಕ್ಕೆ ಸಾಗಿಸಿದ. ಮೂರನೆಯ ದಿನ ಮಣ್ಣಿನ ಮೇಲೆ ಹಾಕಬೇಕಾದ ಹಾಲುತುಪ್ಪ ಹಾಗೇ ಉಳಿಯಿತು. ಹೋದ ವರ್ಷ ಅಪ್ಪ ಸತ್ತು, ಅವನ ಹಾಲುತುಪ್ಪ ಮುಗಿಸಿ ಝುವಾರಿನಗರದ ಮನೆಗೆ ಬಂದ ಸಂಜೆ ಅವ್ವನಿಗೆ ಇದು ನೆನಪಾಯಿತು. ನೆನಪಾಯಿತು ಎಂದೆ; ಅಷ್ಟು ವರ್ಷ ಮರೆತಿದ್ದಳು ಎನ್ನಲು ನನ್ನ ಬಳಿ ಆಧಾರವಿಲ್ಲ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವನು. ಒಬ್ಬನೇ ಸಾಕ್ಷಿಯ ಮಾತನ್ನು, ಅದರಲ್ಲೂ ಬಹಳ ವರ್ಷ ಕಳೆದ ಮೇಲೆ ಆಡಿದ ಮಾತನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ಈಗ ಆ ಸಾಕ್ಷಿ ನಾನೇ. ಗೋಡೆಯ ಮೂಲೆ, ಒಂದು ಗೇರುಮರ, ನಾಯಿ ಕೆದರದಂತೆ ಅಪ್ಪ ಇಟ್ಟ ಮೂರು ಚಿರೆಕಲ್ಲು. ಜಾಗದ ಬಗ್ಗೆ ನನಗಿದ್ದ ನೆನಪು ಇಷ್ಟೇ.

ಪಣಜಿಯಿಂದ ಹೊರಟ ಬಸ್ಸು ದ್ವೀಪದ ಸೇತುವೆ ಹತ್ತಿತು. ನನ್ನ ನೆನಪಿನಲ್ಲಿ ನಾವು ಫೆರಿಯಲ್ಲಿ ದಾಟಿದ್ದೆವು. ಕಂಡಕ್ಟರನನ್ನು ಕೇಳಿದರೆ, ತಾನು ಹುಟ್ಟುವ ಮೊದಲಿನಿಂದ ಸೇತುವೆ ಇದೆ ಎಂದ. ಅವನಿಗೆ ಇಪ್ಪತ್ತೈದು ಇರಬಹುದು, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವ್ವನನ್ನು ಕೇಳಿದೆ. ದಾಟುವಾಗ ಕೂಸು ಅಳುತ್ತಿತ್ತು, ತಾನು ನೀರು ನೋಡಲಿಲ್ಲ ಎಂದಳು. ಅವಳ ಮಡಿಲಲ್ಲಿ ಹಾಲಿನ ಸ್ಟೀಲ್ ಕ್ಯಾನ್, ತುಪ್ಪದ ಡಬ್ಬಿ. ಏನೇ ಆಗಲಿ, ಗೇರುಮರವಿರುವ ಒಂದು ಮೂಲೆ ತೋರಿಸಿ ಮುಗಿಸಿಬಿಡಬೇಕೆಂದು ಆಗಲೇ ನಿಶ್ಚಯಿಸಿದ್ದೆ.

ಬಸ್ಸಿಳಿದು, ದ್ವೀಪದ ಊರಿನೊಳಗೆ ಬೆಂಡೆಕಾಯಿ ಮಾರುತ್ತಿದ್ದ ಹೆಂಗಸಿನ ಹತ್ತಿರ ಅವ್ವ ತನ್ನ ಹರಕುಮುರುಕು ಕೊಂಕಣಿಯಲ್ಲಿ ಕೋಟೆಯ ದಾರಿ ಕೇಳಿದಳು. ಆ ಕೊಂಕಣಿಗೆ ಇಬ್ಬರೂ ನಗತೊಡಗಿದರು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಬ್ಬನೇ ಕೋಟೆಯ ಗುಡ್ಡ ಹತ್ತಿ ಮೊದಲೇ ಹೋಗಿ ನೋಡಿದೆ.

ಗೇರುಮರ ಒಂದೂ ಇರಲಿಲ್ಲ. ಕೋಟೆಯೇ ಚಿರೆಕಲ್ಲಿನದು; ಮೂರು ಕಲ್ಲು ಒಟ್ಟಿಗೆ ಬಿದ್ದ ಜಾಗ ಹತ್ತಾದರೂ ಇದ್ದವು. ಅಪ್ಪ ಕೆಲಸ ಮಾಡಿದ ಕೋಟೆಗಳೂ ಒಂದೆರಡಲ್ಲ. ನಾನು ನೆನಪಿಟ್ಟ ಮೂಲೆ ಇದರದೋ, ಬೇರೆಯದೋ?

ಅವ್ವ ಏದುಸಿರು ಬಿಡುತ್ತ ಬಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಕ್ಯಾನಿನ ಮುಚ್ಚಳ ತೆಗೆದಳು. ಹತ್ತಿರದ ಮೂಲೆಯತ್ತ ಕೈ ತೋರಿಸಿ, "ಇಲ್ಲೇನು?" ಎಂದಳು.

ಹೂಂ ಎಂದರೆ ಮುಗಿಯುತ್ತಿತ್ತು. ಹಾಲು ನೋಡಿ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನನಗ ಗೊತ್ತಿಲ್ಲವ್ವ," ಎಂದೆ.

ಅವಳು ಕ್ಯಾನಿನ ಮುಚ್ಚಳ ಮತ್ತೆ ಹಾಕಿದಳು. ಆಮೇಲೆ, "ಅಷ್ಟು ಬುಕ್ಕ ಓದೀದಿ. ತಂಗೀನ್ನ ಇಟ್ಟ ಜಾಗಾ ನೆನಪಿಲ್ಲ," ಎಂದಳು. "ಗ್ವಾಡಿ ಒಳಗೋ ಹೊರಗೋ? ಅದಾರ ಗೊತ್ತೈತಿಲ್ಲೋ?"

"ಹೊರಗ."

"ಖರೇನ?"

ಅದು ಖರೆ. ಗೋಡೆ ಇನ್ನೂ ಕಟ್ಟಿರದ ಕಡೆ ಒಂದು ಸಂದು ಇತ್ತು. ಅಪ್ಪ ಕೂಸನ್ನು ನನ್ನ ಕೈಗೆ ಕೊಟ್ಟು ತಾನು ಮೊದಲು ಆಚೆ ಇಳಿದ. ಆಮೇಲೆ ಎರಡೂ ಕೈ ಚಾಚಿ ಇಸಿದುಕೊಂಡ. ಸೀರೆಯ ತುಂಡಿನಲ್ಲಿ ಸುತ್ತಿದ ಅದರ ಭಾರ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಇದನ್ನು ಅವ್ವನಿಗೆ ಮೊದಲ ಸಲ ಹೇಳಿದೆ.

"ನೀ ಎತಗೊಂಡಿದ್ಯಾ?" ಎಂದಳು. ಹೌದೆಂದೆ. ಅವಳು ಕಣ್ಣೊರೆಸಿಕೊಂಡು, "ಹಂಗಾರ ಹೊರಗಿನ ಸುತ್ತೆಲ್ಲಾ ಹಾಕೂನು. ಎಲ್ಲೆರ ಒಂದ ಕಡಿ ಇದ್ದಽ ಇರತೈತಿ," ಎಂದಳು.

ಹಾಲಿಗೆ ತುಪ್ಪ ಬೆರೆಸಿ, ಗೋಡೆಯ ಬುಡಕ್ಕೆ ಸಣ್ಣ ಧಾರೆ ಬಿಡುತ್ತ ಅವ್ವ ನಡೆದಳು. ಮುಳ್ಳುಕಂಟಿ ಸರಿಸುತ್ತ ನಾನು ಮುಂದೆ ಮುಂದೆ. ಕ್ಯಾನ್ ಹಗುರವಾಗುತ್ತಿದ್ದುದು ಅವಳ ಕೈಯಲ್ಲೇ ಕಾಣುತ್ತಿತ್ತು. ಇನ್ನೂ ಸಣ್ಣಗೆ ಬಿಡು ಎಂದೆ, ಬಿಟ್ಟಳು. ಆದರೂ ಅರ್ಧ ಸುತ್ತಿಗೇ ಹಾಲು ಮುಗಿಯಿತು.

ಉಳಿದರ್ಧದಲ್ಲೇ ಅದು ಇದ್ದರೆ? ವಾಚು ನೋಡಿದೆ. ಗಂಟೆ ಹನ್ನೆರಡೂವರೆ. ಇಲ್ಲಿ ಒಂದಕ್ಕೆ ಅಂಗಡಿ ಮುಚ್ಚಿದರೆ ಮತ್ತೆ ತೆರೆಯುವುದು ನಾಲ್ಕಕ್ಕೆ. ಹಾಲು ತರುತ್ತೇನೆ, ಅಲ್ಲಿಯವರೆಗೆ ನೆರಳಿಗೆ ಕೂತಿರು ಎಂದೆ.

ಅವ್ವ ಬಿಸಿಲಿನಿಂದ ಕದಲಲಿಲ್ಲ. "ನಾ ಇಲ್ಲೇ ನಿಂದರತೇನಿ," ಎಂದಳು. "ಎಲ್ಲೀತನಾ ಹಾಕೇವಿ ಅನ್ನೂದನ್ನೂ ನೀ ಮತ್ತ ಮರತಬಿಡತಿ."

ಕ್ಯಾನ್ ಕಸಿದುಕೊಂಡು ಗುಡ್ಡ ಇಳಿಯತೊಡಗಿದೆ. ಸ್ವಲ್ಪ ದೂರದಲ್ಲೇ ನಡಿಗೆ ಓಟವಾಯಿತು.