ಒಂದು ಕಂಪ್ಯೂಟರು, ಇಬ್ಬರ ಪಂಕ್ತಿ

ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಅವ್ವ ಹೇಳುತ್ತಿದ್ದಳು. ಒಂಟಿಕೊಪ್ಪಲಿನ ನಮ್ಮ ಬಾಡಿಗೆ ಮನೆಗೆ ಕಂಪ್ಯೂಟರು ಬಂದ ವರ್ಷ ಆ ಕೋಪ ಅಲ್ಲಿಂದ ಇಳಿಯಲೇ ಇಲ್ಲ. ತೊಂಬತ್ತರ ದಶಕದ ಕೊನೆ. ಇಲವಾಲದ ಕಡೆಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ಅಣ್ಣ, ಪ್ರೋಗ್ರಾಮಿಂಗ್ ಕಲಿತು ಅಲ್ಲಿನ ಕಂಪ್ಯೂಟರ್ ವಿಭಾಗ ಸೇರಬೇಕೆಂದು ಅದನ್ನು ತಂದಿದ್ದ. ಸಂಜೆ ಬಸ್ಸಿಳಿದು, ಕಾಫಿ ಕುಡಿದು ಅದರ ಮುಂದೆ ಕೂತರೆ ಅವ್ವ ಊಟಕ್ಕೆ ಕರೆದಾಗಲೇ ಏಳುತ್ತಿದ್ದುದು. ಎದ್ದವನೇ ಸ್ವಿಚ್ ಆರಿಸಿ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸುತ್ತಿದ್ದ. ಕಸೂತಿ ಹಾಕಿದ್ದು ಅತ್ತಿಗೆ. ಕಂಪ್ಯೂಟರಿನಲ್ಲಿ ಅವರ ಪಾಲು ಅಷ್ಟೇ ಆಗಿತ್ತು.

ಅತ್ತಿಗೆ ಮದುವೆಗೆ ಮೊದಲೇ ಕನ್ನಡ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದವರು. ದೇವರಾಜ ಮೊಹಲ್ಲಾದ ಒಂದು ಪ್ರೆಸ್ಸಿನವರು ಪುಸ್ತಕವೊಂದರ ಮೊದಲ ಅಧ್ಯಾಯವನ್ನು ಅವರ ಕೈಗೆ ಕೊಟ್ಟು, "ತಿಂಗಳ ಕೊನೆಗೆ ಫ್ಲಾಪೀಲಿ ತನ್ನಿ. ಚೆನ್ನಾಗಿದ್ರೆ ಪುಸ್ತಕ ಪೂರ್ತಿ ನಿಮಗೇ. ಇಲ್ದಿದ್ರೆ ಬೇರೆಯೋರು ಕಾಯ್ತಾವ್ರೆ" ಎಂದಿದ್ದರು. ಮದುವೆಯಾದ ಮೇಲೆ ತಮ್ಮದು ಎನ್ನಬಹುದಾದ ಕೆಲಸ ಅವರಿಗೆ ಸಿಗುವಂತಿದ್ದುದು ಅದೇ ಮೊದಲು. ಹಗಲು ಕರೆಂಟನ್ನು ನಂಬುವ ಹಾಗಿರಲಿಲ್ಲ. ಸಂಜೆ ಅಣ್ಣ ಜಾಗ ಬಿಡುತ್ತಿರಲಿಲ್ಲ.

"ಒಂದು ಕಂಪ್ಯೂಟರಿಗೆ ಒಬ್ರೇ ಕಣೇ ಕೂರೋದು. ಇದೇನು ಸಿಟಿ ಬಸ್ಸಾ?" ಎಂದು ಅತ್ತಿಗೆಗೆ ಹೇಳಿದ ಅಣ್ಣ.

ನನಗೆ ಮೈ ಉರಿದುಹೋಯಿತು. ಆಗ ನಾನು ಬಿಎಸ್ಸಿ ಓದುತ್ತಿದ್ದೆ. "ನಮ್ಮ ಕಾಲೇಜಲ್ಲಿ ಒಂದೇ ಮಿಷಿನ್ನಿಗೆ ಎಂಟು ಜನ ಕೂರ್ತೀವಿ ಕಣಣ್ಣ!"

"ಅದು ದೊಡ್ಡ ಮಿಷಿನ್ನು. ಇದು ಮನೇದು, ಪಾಪದ್ದು."

ಪಾಪದ್ದಂತೆ ಪಾಪದ್ದು! ಹಟಕ್ಕೆ ಬಿದ್ದೆ. ಗುಜರಿ ಅಂಗಡಿಯಲ್ಲಿ ಯಾವುದೋ ಆಫೀಸು ಎಸೆದಿದ್ದ ಟರ್ಮಿನಲ್ ಒಂದು ಸಿಕ್ಕಿತು. ಹಸಿರು ಅಕ್ಷರದ ಪರದೆ, ಒಂದು ಕೀಬೋರ್ಡು, ಸ್ವಂತ ಬುದ್ಧಿ ಸೊನ್ನೆ. ಒತ್ತಿದ ಅಕ್ಷರವನ್ನು ತಂತಿಯಲ್ಲಿ ಕಂಪ್ಯೂಟರಿಗೆ ಕಳಿಸುವುದು, ಅದು ಹೇಳಿದ್ದನ್ನು ತೋರಿಸುವುದು, ಇಷ್ಟೇ ಅದರ ಕೆಲಸ. ಪತ್ರಿಕೆಯೊಂದರ ಜೊತೆ ಬಂದಿದ್ದ ಸೀಡಿಯಿಂದ, ವಿಂಡೋಸ್ ಜೊತೆಗೇ, ಒಂದೇ ಯಂತ್ರದಲ್ಲಿ ಹಲವರು ಒಟ್ಟಿಗೆ ಕೆಲಸ ಮಾಡಬಹುದಾದ ಲಿನಕ್ಸ್ ಹಾಕಿದೆ. ಅಣ್ಣನ ಪಾಠಕ್ಕೂ ಅದು ಆಗುತ್ತಿತ್ತು. ತಂತಿಯನ್ನು ಮೊದಲ ಸಲ ತಪ್ಪಾಗಿ ಬೆಸೆದಿದ್ದೆ. ಕಳಿಸುವ ಎಳೆಗೆ ಕಳಿಸುವ ಎಳೆಯನ್ನೇ, ಬಾಯಿಗೆ ಬಾಯಿ ಸೇರಿಸಿದ್ದರಿಂದ ಕೇಳಿಸಿಕೊಳ್ಳುವವರೇ ಇರಲಿಲ್ಲ. ಅದಲುಬದಲು ಮಾಡಿದ ಮೇಲೆ ನಡುಮನೆಯ ಕಂಪ್ಯೂಟರು ಒಳಕೋಣೆಯ ಪರದೆಯಲ್ಲಿ ಮಾತಾಡಿತು. ನಾನು ಕುಣಿದೇಬಿಟ್ಟೆ.

"ಒಂದೇ ಯಂತ್ರ ಇಬ್ರಿಗೂ ಎಂಗೆ ಕೆಲಸ ಮಾಡ್ತದೆ?" ಎಂದಳು ಅವ್ವ.

"ಮಠದ ಪಂಕ್ತೀಲಿ ಬಡ್ಸೋರು ಒಬ್ರೇ ಅಲ್ವಾ ಅತ್ತೆ?" ಎಂದರು ಅತ್ತಿಗೆ. "ನಾವು ಒಂದು ತುತ್ತು ಅಗಿಯೋದ್ರೊಳಗೆ ಅವ್ರು ಸಾಲು ಪೂರ್ತಿ ಸುತ್ತಿ ಬಂದಿರ್ತಾರೆ."

ಆದರೆ ಆ ಪರದೆಗೆ ಕನ್ನಡ ಬರುತ್ತಿರಲಿಲ್ಲ. ಆಗಿನ ಫಾಂಟುಗಳಲ್ಲಿ ಒಂದೊಂದು ಕನ್ನಡ ಅಕ್ಷರವೂ ಒಂದೊಂದು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂತಿರುತ್ತಿತ್ತು. ಆ ಫಾಂಟು ಇದ್ದುದು ಕಂಪ್ಯೂಟರಿನ ವಿಂಡೋಸ್‌ನಲ್ಲಿ ಮಾತ್ರ. ಅತ್ತಿಗೆ ಕನ್ನಡದ ಕೀ ಒತ್ತಿದರೆ ಟರ್ಮಿನಲ್ಲಿನಲ್ಲಿ ಇಂಗ್ಲಿಷಿನ ಕಲಸುಮೇಲೋಗರ ಕಾಣಿಸುತ್ತಿತ್ತು. ಆಮೇಲೆ ವಿಂಡೋಸ್‌ನಲ್ಲಿ ಫಾಂಟು ಕೊಟ್ಟರೆ ಅದೇ ಕನ್ನಡವಾಗುತ್ತಿತ್ತು, ಆದರೆ ಹೊಡೆಯುವಾಗ ಓದಲು ಆಗುತ್ತಿರಲಿಲ್ಲ. ನನಗೆ ಅಳು ಬಂತು.

"ಅಯ್ಯೋ, ಅಷ್ಟೇ ತಾನೆ? ನಮ್ಮ ಟೈಪಿಂಗ್ ಮೇಷ್ಟ್ರು ಕೀ ನೋಡಿದ್ರೆ ಸ್ಕೇಲಲ್ಲಿ ಬೆರಳಿಗೇ ಬಿಡೋರು. ನೋಡ್ದೆ ಹೊಡಿಯೋದು ನಂಗೇನು ಹೊಸದಾ, ಬುಡು!" ಎಂದ ಅತ್ತಿಗೆ ಕಸೂತಿ ಬಟ್ಟೆಯನ್ನು ತಂದು ಆ ಪರದೆಗೇ ಹೊದಿಸಿದರು. ಹಸ್ತಪ್ರತಿಯ ಮೇಲೆ ಕಣ್ಣಿಟ್ಟು ಟಪಟಪ ಶುರು ಮಾಡಿದರು. ನಡುಮನೆಯಲ್ಲಿ ಅಣ್ಣ, ಒಳಗೆ ಅತ್ತಿಗೆ.

ಕೊಡಬೇಕಾದ ದಿನ ಹತ್ತಿರ ಬಂದಿತ್ತು. ಅವತ್ತು ಅವ್ವ ಊಟಕ್ಕೆ ಕರೆದಳು. ಅಣ್ಣ ಅಭ್ಯಾಸಬಲದಿಂದ ಎದ್ದ, ಸ್ವಿಚ್ ಆರಿಸಿದ, ಕೈ ತೊಳೆದು ಕೂತ. ಒಳಗಿನಿಂದ ಟಪಟಪ ಕೇಳುತ್ತಲೇ ಇತ್ತು. ಪರದೆಗೆ ಬಟ್ಟೆ ಹೊದಿಸಿದ್ದರಿಂದ ಅತ್ತಿಗೆಗೆ ಗೊತ್ತೇ ಆಗಿರಲಿಲ್ಲ. ಸತ್ತ ಕಂಪ್ಯೂಟರಿಗೆ ಅವರು ಇನ್ನೂ ಒಂದು ಪುಟ ಹೊಡೆದರು. ನಾನು ಓಡಿ ಹೋಗಿ ಹೇಳಿದಾಗ ಕೈಗಳನ್ನು ಕೀಬೋರ್ಡಿನ ಮೇಲೆಯೇ ಬಿಟ್ಟು ಕೂತರು. ಆ ಸಂಜೆ ಮಾಡಿದ್ದೆಲ್ಲ ಹೋಗಿತ್ತು. ಆಮೇಲೆ ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತರು. ನಾನು ಅಣ್ಣನಿಗೆ ಬಾಯಿಗೆ ಬಂದ ಹಾಗೆ ಬೈದೆ.

ಅವ್ವ ಮಾತ್ರ ಸಾರಿನ ಸೌಟು ಹಿಡಿದುಕೊಂಡೇ ಕೇಳಿದಳು: "ಅಲ್ಲ ಕಣೋ, ಪಂಕ್ತೀಲಿ ಕೂತೋನು ಪಕ್ಕದೋರ ಎಲೆ ನೋಡ್ದೆ ಎದ್ಬುಡ್ತಾನೇನೋ?"

ಮಾರನೆಯ ಸಂಜೆ ಅಣ್ಣನ ಪಾಠ ಬೇಗ ಮುಗಿಯಿತು. ಅವ್ವ ಕರೆದಳು. ಅವನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಏನೂ ನಡೆಯದ ಪರದೆಯನ್ನು ನೋಡುತ್ತ ಕೂತೇ ಇದ್ದ. ಅನ್ನ ಆರುತ್ತಿತ್ತು. ಕೊನೆಗೆ ಮೆಲ್ಲಗೆ ಕೂಗಿದ: "ಏಳ್ಬೌದೇನೇ?"

"ಇನ್ನೊಂದು ಪ್ಯಾರಾ ಇದೆ ರೀ."

ಅವನು ಕೂತ. ಅವ್ವ ಅನ್ನಕ್ಕೆ ತಟ್ಟೆ ಮುಚ್ಚಿದಳು. ಅವತ್ತು ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅಧ್ಯಾಯ ಮುಗಿದ ಮರುದಿನ ಬೆಳಿಗ್ಗೆ ನಾನು ಕಂಪ್ಯೂಟರನ್ನು ವಿಂಡೋಸ್‌ನಲ್ಲಿ ತೆರೆದು, ಆ ಕಲಸುಮೇಲೋಗರಕ್ಕೆ ಕನ್ನಡ ಫಾಂಟು ಕೊಟ್ಟೆ. ಸಾಲು ಸಾಲಾಗಿ ಕನ್ನಡ ಎದ್ದು ನಿಂತಿತು. ಅತ್ತಿಗೆ ಮೊದಲ ಸಲ ತಾವು ಹೊಡೆದದ್ದನ್ನು ಓದಿದರು. ಒಂದೆರಡು ಒತ್ತಕ್ಷರ ತಪ್ಪಿದ್ದವು, ತಿದ್ದಿದರು. ಫ್ಲಾಪಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು.

ಮಧ್ಯಾಹ್ನ ಬಂದಾಗ ಅವರ ಕಂಕುಳಲ್ಲಿ ಪುಸ್ತಕದ ಉಳಿದ ಹಸ್ತಪ್ರತಿಯಿತ್ತು. ಸಂಜೆ ಅಣ್ಣ ಆ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ ಗಾಬರಿಯಾದ. "ಇಷ್ಟೂ ಮುಗಿಯೋ ತನಕ ನಾನು ಏಳೋ ಹಾಗಿಲ್ವೇನೇ?"

ಅತ್ತಿಗೆ ಆಗಲೇ ಒಳಗೆ ಪರದೆಗೆ ಬಟ್ಟೆ ಹೊದಿಸುತ್ತಿದ್ದರು. "ಇಲ್ಲ ಕಣ್ರೀ," ಎಂದರು, "ಕೂತ್ಕೊಳ್ಳಿ."