ಕಾವಿಗೆ ಕೂತ ಹೇಂಟೆ

ಪನಮರಂ ಪೇಟೆಯ ಗೋಡೆ ಮೇಲೆ ನಮ್ಮ ಮನೆ ಕೋಳಿಯ ಚಿತ್ರ ಇದೆ. ಕೃಷಿ ಮೇಳದವರು ಆಳೆತ್ತರ ಬರೆಸಿದ್ದಾರೆ. ಕೆಳಗೆ ಮಲಯಾಳದಲ್ಲಿ ‘ವಯನಾಡಿನ ಹೆಮ್ಮೆ’ ಅಂತ. ಬಸ್ಸಿಗೆ ಕಾಯುವಾಗ ನಾನು ಆ ಕಡೆ ಬೆನ್ನು ಹಾಕಿ ನಿಲ್ಲುತ್ತೇನೆ.

ಹೆಮ್ಮೆಯಂತೆ! ಇಷ್ಟು ವರ್ಷ ನಮ್ಮ ಕೋಳಿ ಯಾವ ಜಿಲ್ಲೆಯದು ಅಂತ ಯಾರು ಕೇಳಿದ್ದರು? ನನ್ನ ಬಾಣಂತನಕ್ಕೆ ಅವ್ವ ಹೊಳೆಯಾಚೆಯ ಕರ್ನಾಟಕದಿಂದ ಮರಕ್ಕಡವಿನ ದೋಣಿಯಲ್ಲಿ ಬುಟ್ಟಿ ತುಂಬ ಕೋಳಿ ತಂದಿದ್ದಳು. ಸಾರಿಗೆ ಹೋಗದೆ ಉಳಿದ ಒಂದರ ಸಂತಾನ ಇವು. ಕಂದು ಮೈ, ಬೋಳು ಕತ್ತು, ನೋಡೋಕೆ ಏನೂ ಚಂದವಿಲ್ಲ. ಆದರೆ ಕಾವಿಗೆ ಕೂತರೆ ಕೂತಿತು, ಹಾವು ಬಂದರೂ ಏಳೋದಿಲ್ಲ. ಫಾರಂ ಕೋಳಿಗೆ ಈ ಬುದ್ಧಿ ಎಲ್ಲಿಂದ ಬರಬೇಕು, ಮೊಟ್ಟೆ ಇಟ್ಟು ನಡೆದುಬಿಡುತ್ತದೆ.

ಹೋದ ಮಳೆಗಾಲ ರೋಗ ಬಂದು ಗೂಡು ಖಾಲಿಯಾಯಿತು. ಒಂದು ಹುಂಜ, ಒಂದು ಹೇಂಟೆ ಉಳಿದವು. ಹುಂಜವನ್ನು ಕಾಡುಬೆಕ್ಕು ಹೊತ್ತೊಯ್ಯಿತು. ಪುಣ್ಯಕ್ಕೆ ಅಷ್ಟರಲ್ಲಿ ಹೇಂಟೆ ಮೊಟ್ಟೆ ಇಟ್ಟಿತ್ತು. ಕುಕ್ಕೆಗೆ ಉಮಿ ಸುರಿದು, ಗುಡುಗಿಗೆ ಕೆಡಬಾರದೆಂದು ಒಂದು ಮೊಳೆ, ಒಂದು ಚೂರು ಇದ್ದಿಲು ಇಟ್ಟು, ಆ ಮೊಟ್ಟೆಗಳ ಮೇಲೆ ಅದನ್ನು ಕೂರಿಸಿದೆ. ಅವ್ವ ತಂದ ತಳಿಯಲ್ಲಿ ಉಳಿದದ್ದು ಆ ಒಂದು ಕುಕ್ಕೆ.

ಕೂತು ಎರಡು ವಾರವಾಗಿರಬೇಕು. ಟಾರ್ಚು ಹಿಡಿದರೆ ಮೊಟ್ಟೆಯೊಳಗೆ ಜೀವ ಆಡೋದು ಕಾಣುತ್ತಿತ್ತು. ಆಗ ಪನಮರಂನಲ್ಲಿ ಕೃಷಿ ಮೇಳ. ವೇದಿಕೆಗೆ ಅಸಲಿ ನಾಡನ್ ಕೋಳಿ, ಅಂದರೆ ನಾಟಿ ಕೋಳಿ, ಬೇಕು ಅಂದರಂತೆ, ನಮ್ಮ ಮನೆಯವರು ‘ನಮ್ಮಲ್ಲಿದೆ’ ಅಂತ ಮಾತು ಕೊಟ್ಟು ಬಂದರು. ಕೋಳಿ ಕೇಳಿ ಖಾರ ಅರೀತಾರಾ? ನನ್ನನ್ನೂ ಕೇಳಲಿಲ್ಲ.

ಬೆಳಿಗ್ಗೆ ಜೀಪಿನಲ್ಲಿ ಇಬ್ಬರು ಬಂದರು. “ಕಾವಿಗೆ ಕೂತಿದೆ, ಎಬ್ಬಿಸಬಾರದು” ಅಂದೆ.

“ಒಂದು ಗಂಟೆ ಸಾಕು ಚೇಚಿ” ಅಂದರು.

ಮನೆಯವರು ನನ್ನ ಮುಖ ನೋಡದೆ, “ಕೊಡೇ, ನಾಲ್ಕು ಜನರ ಮುಂದೆ ಮಾನ ಹೋಗುತ್ತೆ” ಅಂದರು. ಕೊಟ್ಟೆ. ಜಗಳ ಆಡೋಕೂ ತ್ರಾಣ ಬೇಕಲ್ಲ.

ಉದ್ಘಾಟನೆ ಮಾಡಬೇಕಾದವರು ತಡವಾಗಿ ಬಂದರು. ಅಲ್ಲೀವರೆಗೆ ಹೂಮಾಲೆ ಹಾಕಿದ ಪಂಜರದಲ್ಲಿ, ಮೈಕಿನ ಪಕ್ಕ ಕೂತಿತ್ತಂತೆ ನಮ್ಮ ಕೋಳಿ. ಇತ್ತ ನಾನು ಮೊಟ್ಟೆಗಳಿಗೆ ಹಳೆ ಸೀರೆ ಸುತ್ತಿ, ಒಲೆ ಬದಿಗಿಟ್ಟು, ಗಳಿಗೆಗೊಮ್ಮೆ ಮುಟ್ಟಿ ನೋಡುತ್ತ ಕೂತೆ. ಬಿಸಿ ಹೆಚ್ಚಾಯಿತೋ ಕಮ್ಮಿಯಾಯಿತೋ, ನನ್ನ ಕೈಗೆ ಅದೂ ತಿಳಿಯಲಿಲ್ಲ.

ಕತ್ತಲಾಗುವಾಗ ತಂದುಬಿಟ್ಟರು. ಬಿಟ್ಟ ಕೂಡಲೇ ನೀರೂ ಕುಡಿಯದೆ ಓಡಿಹೋಗಿ ಕುಕ್ಕೆ ಹತ್ತಿತು. ಕೊಕ್ಕಿನಿಂದ ಒಂದೊಂದೇ ಮೊಟ್ಟೆಯನ್ನು ಹೊಟ್ಟೆ ಕೆಳಗೆ ಎಳೆದುಕೊಂಡಿತು. ಅದನ್ನು ನೋಡಿ ನನಗೆ ಅಳು ಬಂತು.

ದಿನ ತುಂಬಿತು, ಒಂದೂ ಒಡೆಯಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಬಿಟ್ಟು ನೋಡಿದೆ. ಜೀವ ಇದ್ದರೆ ಮೊಟ್ಟೆ ಅಲುಗಬೇಕು, ಅಲುಗಲಿಲ್ಲ. ಮನೆಯವರು ಹಿತ್ತಲಲ್ಲಿ ಗುಂಡಿ ತೋಡಿ ಹೂತರು.

ಕೋಳಿ ಮಾತ್ರ ಬರಿ ಉಮಿಯ ಮೇಲೆ ಕೂತೇ ಇತ್ತು. ಹೀಗೆ ಹಟ ಹಿಡಿದದ್ದನ್ನು ತಣ್ಣೀರಿನಲ್ಲಿ ಮುಳುಗಿಸಿದರೆ ಕಾವು ಇಳಿಯುತ್ತೆ ಅಂತಾರೆ. ಮುಳುಗಿಸಿದೆ. ಒದ್ದೆ ಮೈ ಕೊಡವಿ ಮತ್ತೆ ಹೋಗಿ ಕೂತಿತು.

“ಸಾಕು, ಏಳೇ ತಾಯಿ” ಅಂದೆ.

ಉಮಿ ಕೆದಕಿ, ಆ ಮೊಳೆಯನ್ನೂ ಇದ್ದಿಲ ಚೂರನ್ನೂ ಕೊಕ್ಕಿನಿಂದ ಹೊಟ್ಟೆ ಕೆಳಗೆ ಎಳೆದುಕೊಂಡಿತು.